ತಾರಸಿಯಲ್ಲಿ ತರಕಾರಿ: ಬಿತ್ತುವ ಮೊದಲೇ ಸಾರಿನ ಲೆಕ್ಕ

ತಾರಸಿ ತೋಟ ಶುರು ಮಾಡಿ ಕೈಬಿಟ್ಟವರ ಮನೆಗಳನ್ನು ಸಾಕಷ್ಟು ನೋಡಿದ್ದೇನೆ. ಮೂಲೆಯಲ್ಲಿ ಬಿಸಿಲಿಗೆ ಸೀಳಿದ ಗ್ರೋ ಬ್ಯಾಗುಗಳು (ಗಿಡ ಬೆಳೆಸುವ ಚೀಲಗಳು), ಒಳಗೆ ಇಟ್ಟಿಗೆಯಂತೆ ಗಟ್ಟಿಯಾದ ಕೆಂಪು ಮಣ್ಣು, ಅದರಲ್ಲಿ ಒಣಗಿ ನಿಂತ ಒಂದು ಬದನೆ ಕಡ್ಡಿ. ಏನಾಯಿತೆಂದು ಕೇಳಿದರೆ ಸಿಗುವ ಉತ್ತರ ಎರಡೇ. ಒಂದು, "ಗಿಡ ಸೊಂಪಾಗಿ ಬಂತು, ಕಾಯಿ ಮಾತ್ರ ಕಟ್ಟಲಿಲ್ಲ." ಇನ್ನೊಂದು, "ಬಂದರೆ ಒಟ್ಟಿಗೇ ಬರುತ್ತೆ, ಅಕ್ಕಪಕ್ಕ ಹಂಚಿ ಸಾಕಾಯ್ತು. ಆಮೇಲೆ ಮೂರು ತಿಂಗಳು ಖಾಲಿ."

ಮೊದಲನೆಯದು ಮಣ್ಣು, ನೀರು, ಗೊಬ್ಬರದ ಕ್ರಮ ತಪ್ಪಿದ್ದರಿಂದ ಆಗುವುದು. ಎರಡನೆಯದು ಅಡುಗೆಮನೆಯ ಲೆಕ್ಕ ಹಾಕದೆ ಬಿತ್ತಿದ್ದರಿಂದ. ನನ್ನ ಅನುಭವದಲ್ಲಿ ಹೆಚ್ಚು ತೋಟಗಳು ಸೋತಿರುವುದು ಎರಡನೆಯದರಿಂದಲೇ. ಹಾಗಾಗಿ ಈ ಮಾರ್ಗದರ್ಶಿ ಒಲೆಯ ಹತ್ತಿರ ಶುರುವಾಗಿ ಒಲೆಯ ಹತ್ತಿರವೇ ಬಂದು ನಿಲ್ಲುತ್ತದೆ.

ಇಲ್ಲಿ ಹೇಳುವುದೆಲ್ಲ ಬೆಂಗಳೂರು, ಮೈಸೂರು, ತುಮಕೂರು, ಹಾಸನದ ಕಡೆಯ ಹವೆಗೆ, ನಾಲ್ಕು ಜನರ ಮನೆಗೆ, ಸುಮಾರು 20 ಚೀಲಗಳ ತೋಟಕ್ಕೆ. ಕರಾವಳಿಯವರು ಜೂನ್‌ನಿಂದ ಆಗಸ್ಟ್‌ವರೆಗೆ ಸೊಪ್ಪು ಮತ್ತು ಟೊಮೇಟೊ ಆಸೆ ಬಿಡಿ, ಜಡಿಮಳೆಗೆ ಕೊಳೆಯುತ್ತವೆ. ಬೆಂಡೆ, ಹೀರೆ, ಮುಳ್ಳುಸೌತೆ ನಡೆಯುತ್ತದೆ. ಕಲಬುರಗಿ, ರಾಯಚೂರಿನ ಕಡೆಯವರಿಗೆ ಏಪ್ರಿಲ್, ಮೇ ತಿಂಗಳಲ್ಲಿ ಹಸಿರು ನೆರಳು ಬಲೆ ಇಲ್ಲದೆ ಆಗದು.

## ಹಂತ 1: ಎರಡು ವಾರದ ಅಡುಗೆ ಬರೆದಿಡಿ

ಬೀಜದ ಅಂಗಡಿಗೆ ಹೋಗುವ ಮೊದಲು ಎರಡು ವಾರ ಮನೆಯಲ್ಲಿ ಏನೇನು ತರಕಾರಿ ಖರ್ಚಾಯಿತೆಂದು ಕ್ಯಾಲೆಂಡರಿನ ಮೇಲೇ ಗೀಚಿಡಿ. ಎಷ್ಟು ಸಲ ಸೊಪ್ಪಿನ ಸಾರು, ಎಷ್ಟು ಸಲ ಬೆಂಡೆಕಾಯಿ ಪಲ್ಯ, ದಿನಕ್ಕೆ ಎಷ್ಟು ಹಸಿಮೆಣಸಿನಕಾಯಿ. ಮನೆಯಲ್ಲಿ ಯಾರೂ ತಿನ್ನದ ಹಾಗಲವನ್ನು ಬೀಜದ ಪೊಟ್ಟಣದ ಚಿತ್ರ ನೋಡಿ ಹಾಕುವವರೇ ಹೆಚ್ಚು.

ಈಗ ಗಿಡದ ಲೆಕ್ಕ. ಬೆಂಡೆಯನ್ನೇ ನೋಡಿ. ಚೆನ್ನಾಗಿ ಬೆಳೆದ ಗಿಡ ಎರಡು ದಿನಕ್ಕೊಂದು ಕಾಯಿ ಕೊಡುತ್ತದೆ ಎನ್ನಿ. ನಾಲ್ಕು ಜನಕ್ಕೆ ಒಂದು ಪಲ್ಯವಾಗಬೇಕಾದರೆ ಸುಮಾರು 20 ಕಾಯಿ ಬೇಕು. ಎರಡು ಗಿಡ ಹಾಕಿದವರಿಗೆ ಈ ದಿನ ಎರಡು ಕಾಯಿ, ನಾಡಿದ್ದು ಎರಡು ಕಾಯಿ. ಅವು ಫ್ರಿಜ್ಜಿನಲ್ಲಿ ಕೂತು ಬಾಡಿ, ಕೊನೆಗೆ ಕಸದ ಬುಟ್ಟಿಗೆ. ಹತ್ತು ಗಿಡ ಇದ್ದರೆ ನಾಲ್ಕು ದಿನಕ್ಕೊಂದು ಪಲ್ಯ. ನಾನು ಮೊದಲ ವರ್ಷ ಹನ್ನೆರಡು ಬಗೆಯ ತರಕಾರಿ, ಬಗೆಗೆ ಎರಡೆರಡು ಗಿಡ ಹಾಕಿದ್ದೆ. ನಮ್ಮತ್ತೆ ಒಂದು ಸುತ್ತು ನೋಡಿ ಬಂದು, "ನೋಡೋಕೆ ತೋಟ, ಮಾಡೋಕೆ ಸಾರಿಲ್ಲ" ಅಂದರು. ಅಲ್ಲಿಂದ ಮುಂದೆ ಬಗೆ ಕಡಿಮೆ ಮಾಡಿ, ಗಿಡ ಹೆಚ್ಚು ಮಾಡಿದೆ.

ನಾಲ್ಕು ಜನರ ಮನೆಗೆ ನಾನು ಹೇಳುವ ಅಳತೆ ಇದು: ಬೆಂಡೆ 10 ಗಿಡ (5 ಚೀಲ), ಟೊಮೇಟೊ 5, ಬದನೆ 3, ಹಸಿಮೆಣಸು 3, ಬಳ್ಳಿ ಜಾತಿಗೆ 4 ದೊಡ್ಡ ಚೀಲ, ಸೊಪ್ಪಿಗೆ ಎರಡಡಿ ಉದ್ದದ ಮೂರು ಟ್ರೇ. ಮೆಣಸಿನ ಗಿಡ ಮೂರಕ್ಕೆ ಮೀರಿದರೆ ಕಾಯಿ ಖರ್ಚಾಗುವುದಿಲ್ಲ. ಈರುಳ್ಳಿ, ಆಲೂಗಡ್ಡೆ, ಎಲೆಕೋಸು ಬೇಡ. ಜಾಗ ತಿನ್ನುತ್ತವೆ, ಅಂಗಡಿಯಲ್ಲಿ ಅಗ್ಗಕ್ಕೆ ಸಿಗುತ್ತವೆ.

## ಹಂತ 2: ತಾರಸಿಯ ಬಿಸಿಲು, ಭಾರ, ನೀರಿನ ದಾರಿ

ಬೆಳಗ್ಗೆ ಎಂಟರಿಂದ ಸಂಜೆ ಐದರವರೆಗೆ ಗಂಟೆಗೊಮ್ಮೆ ಮೇಲೆ ಹೋಗಿ ನೆರಳು ಎಲ್ಲಿ ಬೀಳುತ್ತದೆ ನೋಡಿ. ಕಾಯಿ ಬಿಡುವ ಗಿಡಕ್ಕೆ ಕನಿಷ್ಠ ಆರು ಗಂಟೆ ನೇರ ಬಿಸಿಲು ಬೇಕು. ಸೊಪ್ಪು, ಪುದೀನ, ದೊಡ್ಡಪತ್ರೆ, ಒಂದೆಲಗಕ್ಕೆ ಮೂರ್ನಾಲ್ಕು ಗಂಟೆ ಸಾಕು. ನೀರಿನ ಟ್ಯಾಂಕಿನ ನೆರಳಲ್ಲಿ ಟೊಮೇಟೊ ಇಟ್ಟು ಗೊಬ್ಬರ ಸುರಿದರೆ ಎಲೆ ಬರುತ್ತದೆ, ಹಣ್ಣು ಬರುವುದಿಲ್ಲ.

ಭಾರದ ವಿಷಯದಲ್ಲಿ ಉಡಾಫೆ ಬೇಡ. ಜನ ಓಡಾಡುವ ತಾರಸಿ ಚದರ ಮೀಟರಿಗೆ ಸುಮಾರು 150 ಕೆಜಿ ಹೆಚ್ಚುವರಿ ಭಾರ ಹೊರಬೇಕೆಂದು ಭಾರತೀಯ ಮಾನಕ ಐಎಸ್ 875 ಹೇಳುತ್ತದೆ. 12 ಅಂಗುಲ ಅಗಲ, 12 ಅಂಗುಲ ಎತ್ತರದ ಒಂದು ಚೀಲ ನೀರು ಕುಡಿದಾಗ ಸುಮಾರು 20 ಕೆಜಿ ತೂಗುತ್ತದೆ. ಚದರ ಮೀಟರಿಗೆ ನಾಲ್ಕು ಚೀಲ ಮೀರದಿದ್ದರೆ ನಿಮ್ಮ ಓಡಾಟಕ್ಕೂ ಮಳೆನೀರಿಗೂ ಅವಕಾಶ ಉಳಿಯುತ್ತದೆ. ದೊಡ್ಡ ಡ್ರಮ್ಮುಗಳನ್ನು ತಾರಸಿಯ ನಡುಮಧ್ಯೆ ಇಡಬೇಡಿ. ಕೆಳಗೆ ಗೋಡೆ ಅಥವಾ ತೊಲೆ ಇರುವ ಅಂಚಿನಲ್ಲಿಡಿ. ಹಳೆಯ ಮನೆ, ಕೆಳಗಿನ ಕೋಣೆಯಲ್ಲಿ ತೇವದ ಕಲೆ, ಸಿಮೆಂಟ್ ಉದುರಿ ಕಂಬಿ ಕಾಣುವ ಚಾವಣಿ: ಇವುಗಳಲ್ಲಿ ಒಂದಿದ್ದರೂ ಮೊದಲು ಇಂಜಿನಿಯರಿಗೆ ತೋರಿಸಿ, ತೋಟ ಆಮೇಲೆ.

ಚೀಲಗಳನ್ನು ನೆಲಕ್ಕೆ ಒತ್ತಿ ಇಡದೆ ಇಟ್ಟಿಗೆಯ ಮೇಲೆ ಕೂರಿಸಿ. ಅಡಿಯಲ್ಲಿ ನೀರು ಹರಿಯಲಿ, ಗಾಳಿಯಾಡಲಿ. ಮಳೆನೀರು ಇಳಿಯುವ ಪೈಪಿನ ಬಾಯಿಗೆ ಜಾಲರಿ ಕಟ್ಟಿ. ಚೀಲದ ಕೋಕೋಪೀಟ್ (ತೆಂಗಿನ ನಾರಿನ ಪುಡಿ) ಕೊಚ್ಚಿಕೊಂಡು ಹೋಗಿ ಆ ಪೈಪ್ ಕಟ್ಟಿಕೊಂಡರೆ ಒಂದೇ ರಾತ್ರಿ ತಾರಸಿ ಕೆರೆಯಾಗುತ್ತದೆ.

## ಹಂತ 3: ಸಾಮಾನು

ಬೇಕಾದದ್ದು ಸ್ವಲ್ಪವೇ: ಕೈ ಸಲಿಕೆ, ಕತ್ತರಿ, ಸಣ್ಣ ತೂತಿನ ನೀರಿನ ಕ್ಯಾನು, ಒಂದು ಲೀಟರಿನ ಸ್ಪ್ರೇ ಬಾಟಲಿ, ಚಪ್ಪರಕ್ಕೆ ಸೆಣಬಿನ ಹುರಿ ಮತ್ತು ಬಿದಿರು ಗಳ, ಬಿಳಿನೊಣ ಹಿಡಿಯುವ ಹಳದಿ ಅಂಟು ಹಾಳೆ ನಾಲ್ಕು. ಚೀಲ ಕೊಳ್ಳುವಾಗ ದಪ್ಪ ಎಚ್‌ಡಿಪಿಇ (ಗಟ್ಟಿ ಜಾತಿಯ ಪ್ಲಾಸ್ಟಿಕ್) ಕೇಳಿ. ತೆಳು ಪ್ಲಾಸ್ಟಿಕ್ಕಿನದು ಒಂದೇ ಬೇಸಿಗೆಗೆ ಪುಡಿಯಾಗಿ ಮಣ್ಣಿಗೆ ಬೆರೆಯುತ್ತದೆ.

ಟೊಮೇಟೊ, ಬದನೆಗೆ 12×12 ಅಂಗುಲಕ್ಕಿಂತ ಸಣ್ಣ ಚೀಲ ಬೇಡ. ಸೋರೆ, ಹೀರೆ, ಕುಂಬಳಕ್ಕೆ 18 ಅಂಗುಲ ಅಗಲ ಬೇಕು. ಸೊಪ್ಪಿಗೆ ಆರು ಅಂಗುಲ ಆಳ ಇದ್ದರೆ ಸಾಕು. ಹಳೆಯ ಮೀನಿನ ಥರ್ಮೋಕೋಲ್ ಪೆಟ್ಟಿಗೆಗೂ ತಳದಲ್ಲಿ ತೂತು ಕೊರೆದರೆ ಆಯಿತು.

## ಹಂತ 4: ಮಣ್ಣು ಕಲಸುವುದು

ಕೆಂಪು ಮಣ್ಣು ಒಂದು ಪಾಲು, ಕಳಿತ ಗೊಬ್ಬರ ಅಥವಾ ಎರೆಹುಳು ಗೊಬ್ಬರ ಒಂದು ಪಾಲು, ಕೋಕೋಪೀಟ್ ಒಂದು ಪಾಲು. ಚೀಲಕ್ಕೆ ಎರಡು ಹಿಡಿ ಬೇವಿನ ಹಿಂಡಿ. 12 ಅಂಗುಲದ 20 ಚೀಲಕ್ಕೆ 5 ಕೆಜಿಯ ಎರಡು ಕೋಕೋಪೀಟ್ ಇಟ್ಟಿಗೆ, ಖಾಲಿ ಸಿಮೆಂಟ್ ಚೀಲದ ಅಳತೆಯಲ್ಲಿ ಮೂರೂವರೆ ಚೀಲ ಮಣ್ಣು, ಅಷ್ಟೇ ಗೊಬ್ಬರ ಹಿಡಿಯುತ್ತದೆ.

ಇಲ್ಲಿ ಮೂರು ತಪ್ಪು ಮತ್ತೆ ಮತ್ತೆ ಆಗುತ್ತವೆ.

ಬರೀ ಕೆಂಪು ಮಣ್ಣು ತುಂಬುವುದು ಮೊದಲನೆಯದು. ನೆಲದಲ್ಲಿ ಚಿನ್ನದಂಥ ಮಣ್ಣು ಚೀಲದಲ್ಲಿ ನಾಲ್ಕು ಸಲ ನೀರು ಬಿದ್ದರೆ ಗಾರೆಯಾಗುತ್ತದೆ. ನೀರು ಮೇಲೆ ನಿಂತು, ಆಮೇಲೆ ಚೀಲದ ಅಂಚಿನಿಂದ ಜಾರಿ ಹೋಗುತ್ತದೆ, ಬೇರಿಗೆ ಒಂದು ಹನಿಯೂ ಮುಟ್ಟುವುದಿಲ್ಲ.

ಎರಡನೆಯದು ಕೋಕೋಪೀಟ್ ತೊಳೆಯದೆ ಹಾಕುವುದು. ತೆಂಗಿನ ನಾರಿನಲ್ಲಿ ಉಪ್ಪಿನ ಅಂಶ ಉಳಿದಿರುತ್ತದೆ. ಬಕೆಟ್ಟಿನಲ್ಲಿ ನೆನೆಸಿ, ಹಿಂಡಿ, ಕಂದು ನೀರು ಚೆಲ್ಲಿ. ಇನ್ನೊಮ್ಮೆ ಹಾಗೇ ಮಾಡಿ. ನಾನು ಈ ಕೆಲಸ ತಪ್ಪಿಸಿದ ವರ್ಷ ಬೀನ್ಸ್ ಎಲೆಗಳ ಅಂಚು ಸುಟ್ಟಂತೆ ಕಂದಾಗಿ, ಗಿಡ ಗೇಣುದ್ದಕ್ಕೇ ನಿಂತಿತು.

ಮೂರನೆಯದು ಹಸಿ ಸಗಣಿ ಗೊಬ್ಬರ. ಕೈಗೆ ಬಿಸಿ ತಟ್ಟಿದರೆ, ಸಗಣಿ ವಾಸನೆ ಇನ್ನೂ ಇದ್ದರೆ ಅದು ಕಳಿತಿಲ್ಲ. ಬೇರು ಸುಡುತ್ತದೆ, ಜೊತೆಗೆ ಬಿಳಿ ಗೊಣ್ಣೆ ಹುಳು ಬರುತ್ತದೆ. ಕಳಿತ ಗೊಬ್ಬರ ಕಪ್ಪಾಗಿ, ಉದುರುದುರಾಗಿ, ಮೊದಲ ಮಳೆ ಬಿದ್ದ ನೆಲದ ವಾಸನೆ ಕೊಡುತ್ತದೆ.

ಕಲಸಿದ ಮೇಲೆ ಒಂದು ಹಿಡಿ ತೆಗೆದು ಒತ್ತಿ. ಉಂಡೆಯಾಗಬೇಕು, ಬೆರಳಲ್ಲಿ ತಟ್ಟಿದರೆ ಒಡೆಯಬೇಕು. ಒಡೆಯದಿದ್ದರೆ ಕೋಕೋಪೀಟ್ ಸೇರಿಸಿ, ಉಂಡೆಯೇ ಆಗದಿದ್ದರೆ ಮಣ್ಣು ಸೇರಿಸಿ. ಚೀಲ ತುಂಬಿ, ಮೇಲೆ ಎರಡು ಅಂಗುಲ ಜಾಗ ಬಿಟ್ಟು, ನೀರು ಚಿಮುಕಿಸಿ 10 ರಿಂದ 15 ದಿನ ಹಾಗೇ ಬಿಡಿ. ಈ ಕಾಯುವಿಕೆಯನ್ನು ಎಲ್ಲರೂ ಹಾರಿಸುತ್ತಾರೆ. ಹಾರಿಸಬೇಡಿ.

## ಹಂತ 5: ಬಿತ್ತುವ ಕಾಲ, ಬಿತ್ತುವ ಕ್ರಮ

ಜೂನ್, ಜುಲೈ: ಬೆಂಡೆ, ಬದನೆ, ಮೆಣಸು, ಹೀರೆ, ಅಲಸಂದೆ, ಅವರೆ. ಸೆಪ್ಟೆಂಬರ್, ಅಕ್ಟೋಬರ್: ಟೊಮೇಟೊ, ಬೀನ್ಸ್, ಮೂಲಂಗಿ, ನವಿಲುಕೋಸು, ಪಾಲಕ್, ಕೊತ್ತಂಬರಿ. ಜನವರಿ ಕೊನೆ, ಫೆಬ್ರವರಿ: ಸೌತೆ, ಸೋರೆ, ಹಾಗಲ, ಬೆಂಡೆಯ ಎರಡನೇ ಬೆಳೆ, ದಂಟು. ಹರಿವೆ ವರ್ಷವಿಡೀ.

ಅವರೆ ಬಗ್ಗೆ ಒಂದು ಮಾತು. ಸೊಗಡಿನ ನಾಟಿ ಅವರೆ ಹಗಲು ಚಿಕ್ಕದಾಗದೆ ಹೂ ಬಿಡುವುದಿಲ್ಲ. ಅದನ್ನು ಬೇಸಿಗೆಯಲ್ಲಿ ಹಾಕಿದರೆ ತಾರಸಿ ತುಂಬ ಬಳ್ಳಿ, ಒಂದು ಕಾಯಿಯೂ ಇಲ್ಲ. ಬೇರೆ ಕಾಲದಲ್ಲೂ ಬೇಕೆನ್ನುವವರು ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಹೆಬ್ಬಾಳ ಅವರೆ 3 ಅಥವಾ 4 ತಳಿ ಹುಡುಕಿ. ಅವಕ್ಕೆ ಹಗಲಿನ ಉದ್ದದ ಹಂಗಿಲ್ಲ. ಸೊಗಡು ಮಾತ್ರ ಅದೇ ಅಲ್ಲ.

ತಳಿ ಆರಿಸುವಾಗ ಹೆಸರಘಟ್ಟದ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ತಳಿಗಳನ್ನು ನೋಡಿ. ಅರ್ಕಾ ರಕ್ಷಕ್ ಟೊಮೇಟೊ ಎಲೆ ಮುಟುರು, ಸೊರಗು, ಅಂಗಮಾರಿ ಎಂಬ ಮೂರು ರೋಗಗಳನ್ನೂ ತಡೆಯುವ ಹೈಬ್ರಿಡ್. ಅರ್ಕಾ ಅನಾಮಿಕಾ ಬೆಂಡೆಯನ್ನು ಹಳದಿ ನರದ ನಂಜುರೋಗ ತಡೆಯಲೆಂದೇ ತಂದದ್ದು. ಪೂರ್ತಿ ತಡೆಯುತ್ತದೆಂದು ನಂಬಬೇಡಿ, ಆದರೆ ಹೈಬ್ರಿಡ್ ಅಲ್ಲದ್ದರಿಂದ ಬೀಜ ಹಿಡಿಯಬಹುದು. ಅರ್ಕಾ ಸುಗುಣ ಹರಿವೆಯನ್ನು ಹಲವು ಸಲ ಕೊಯ್ಯಬಹುದು.

ನೇರ ಬಿತ್ತುವವು ಬೆಂಡೆ, ಬೀನ್ಸ್, ಅಲಸಂದೆ, ಅವರೆ, ಮೂಲಂಗಿ, ಬಳ್ಳಿಗಳು ಮತ್ತು ಎಲ್ಲ ಸೊಪ್ಪು. ಟೊಮೇಟೊ, ಬದನೆ, ಮೆಣಸನ್ನು ಸಸಿ ಮಾಡಿ ನೆಡಬೇಕು: ಟೊಮೇಟೊ 25 ದಿನದ ಸಸಿ, ಬದನೆ 30, ಮೆಣಸು 35 ರಿಂದ 40. ನಾಟಿ ಸಂಜೆಯೇ ಮಾಡಿ. ಟೊಮೇಟೊ ಸಸಿಯನ್ನು ಮೊದಲ ಎಲೆಗಳವರೆಗೆ ಆಳಕ್ಕೆ ಇಳಿಸಿದರೆ ಕಾಂಡದಿಂದಲೂ ಬೇರು ಒಡೆಯುತ್ತದೆ.

ಬೀಜದ ದಪ್ಪದ ಎರಡರಷ್ಟು ಆಳ ಸಾಕು. ಬೆಂಡೆ ಬೀಜ ರಾತ್ರಿ ನೆನೆಸಿ. ಹಾಗಲದ ಬೀಜದ ಮೂತಿಯನ್ನು ಉಗುರು ಕತ್ತರಿಯಲ್ಲಿ ಚೂರೇ ಚೂರು ಚಿವುಟಿ, ಆಮೇಲೆ ನೆನೆಸಿ. ಕೊತ್ತಂಬರಿಯನ್ನು ಲಟ್ಟಣಿಗೆಯಲ್ಲಿ ಮೆಲ್ಲನೆ ಉರುಳಿಸಿ ಎರಡು ಹೋಳು ಮಾಡಿ. ಮೊಳೆಯಲು ಎರಡು ವಾರ ಹಿಡಿದರೂ ಗಾಬರಿಯಾಗಬೇಡಿ. ಹರಿವೆ ಬೀಜವನ್ನು ಹತ್ತು ಪಟ್ಟು ಮರಳಿನೊಂದಿಗೆ ಬೆರೆಸಿ ಉದುರಿಸಿ, ಇಲ್ಲದಿದ್ದರೆ ಒಂದೇ ಕಡೆ ಗುಂಪಾಗುತ್ತದೆ. ಬಿತ್ತಿದ ಟ್ರೇಯ ಸುತ್ತ ಒಂದು ಹಿಡಿ ಅಕ್ಕಿ ನುಚ್ಚು ಚೆಲ್ಲಿದರೆ ಇರುವೆಗಳು ಅದರ ಹಿಂದೆ ಹೋಗುತ್ತವೆ, ಬೀಜ ಉಳಿಯುತ್ತದೆ.

ಪೊಟ್ಟಣದ ಬೀಜವನ್ನೆಲ್ಲ ಒಂದೇ ದಿನ ಸುರಿಯಬೇಡಿ. ಈ ಒಂದು ಸಾಲನ್ನು ಪೊಟ್ಟಣದ ಮೇಲೇ ಬರೆದಿಟ್ಟುಕೊಳ್ಳಿ. ಮೆಂತ್ಯ 20 ರಿಂದ 25 ದಿನಕ್ಕೆ, ಹರಿವೆ, ದಂಟು 25 ರಿಂದ 30 ದಿನಕ್ಕೆ ಕೀಳಲು ಬರುತ್ತವೆ. ಮೂರು ಟ್ರೇಗಳನ್ನು ಹತ್ತು ದಿನದ ಅಂತರದಲ್ಲಿ ಬಿತ್ತಿದರೆ ಒಂದು ಮುಗಿಯುವಾಗ ಇನ್ನೊಂದು ಸಿದ್ಧ. ಬೀನ್ಸ್, ಮೂಲಂಗಿಗೆ ಎರಡು ವಾರದ ಅಂತರ. ಬೆಂಡೆಗೆ ಐದು ಗಿಡ ಈಗ, ಐದು ಗಿಡ ಮೂರು ವಾರ ಬಿಟ್ಟು.

## ಹಂತ 6: ನೀರು

ಗಿಡ ಸಾಯುವುದು ಬಾಯಾರಿಕೆಗಿಂತ ನೀರು ಅತಿಯಾಗಿಯೇ ಹೆಚ್ಚು. ಕೋಕೋಪೀಟ್ ಮೇಲ್ಪದರ ಒಣಗಿದಂತೆ ಕಂಡರೂ ಒಳಗೆ ಒದ್ದೆ ಇರುತ್ತದೆ. ಬೆರಳನ್ನು ಎರಡನೇ ಗೆಣ್ಣಿನವರೆಗೆ ಇಳಿಸಿ. ಮಣ್ಣು ಅಂಟಿಕೊಂಡರೆ ಆ ದಿನ ನೀರು ಬೇಡ. ಮಧ್ಯಾಹ್ನ ಎಲೆ ಬಾಡಿ ಸಂಜೆ ತಾನಾಗಿ ಎದ್ದರೆ ಅದು ಬಿಸಿಲಿನ ಬಾಡು, ಚಿಂತೆಯಿಲ್ಲ. ಬೆಳಗ್ಗೆಯೇ ಬಾಡಿದ್ದರೆ ಮಣ್ಣು ಮುಟ್ಟಿ ನೋಡಿ. ಒಣಗಿದ್ದರೆ ನೀರು ಕೊಡಿ. ಒದ್ದೆಯಿದ್ದೂ ಬಾಡಿದ್ದರೆ ಬೇರು ಕೊಳೆಯುತ್ತಿದೆ. ನೀರು ನಿಲ್ಲಿಸಿ, ತಳದ ತೂತು ಬಿಡಿಸಿ.

ಬೆಳಗ್ಗೆ, ಬುಡಕ್ಕೆ, ತಳದಿಂದ ನಾಲ್ಕು ಹನಿ ಒಸರುವವರೆಗೆ. ಮಾರ್ಚ್‌ನಿಂದ ಮೇವರೆಗೆ ಕಾಯಿ ಹಿಡಿದ ಗಿಡಕ್ಕೆ ಸಂಜೆಯೂ ಒಂದಿಷ್ಟು. ಸಂಜೆ ಎಲೆಗೆ ನೀರು ಎರಚಬೇಡಿ, ಬೂಷ್ಟಿಗೆ ಹಬ್ಬ. ಒಣಗಿದ ಎಲೆ, ತೆಂಗಿನ ನಾರು ಏನಾದರೂ ಬುಡಕ್ಕೆ ಹೊದಿಸಿದರೆ ಬೇಸಿಗೆಯಲ್ಲಿ ನೀರು ಉಳಿಯುತ್ತದೆ. ಚೀಲದಡಿ ತಟ್ಟೆ ಇಟ್ಟಿದ್ದರೆ ವಾರಕ್ಕೊಮ್ಮೆಯಾದರೂ ಪೂರ್ತಿ ಚೆಲ್ಲಿ ಒರೆಸಿ, ಡೆಂಗಿ ಸೊಳ್ಳೆಗೆ ಅಷ್ಟು ನೀರು ಸಾಕು.

## ಹಂತ 7: ಹೂವಿನಿಂದ ಕಾಯಿಗೆ

"ಸೊಂಪಾಗಿದೆ, ಕಾಯಿ ಇಲ್ಲ" ಎನ್ನುವವರು ಇಲ್ಲಿ ನಿಧಾನವಾಗಿ ಓದಿ.

ಮೊದಲು ನಿಮ್ಮ ಗೊಬ್ಬರ ನೋಡಿ. ಸಗಣಿ ನೀರು, ಹಿಂಡಿ ನೀರು, ಯೂರಿಯಾ ಎಲ್ಲವೂ ಎಲೆಗೆ ಕೊಡುವ ಸಾರಜನಕ. ನೆಟ್ಟ ಒಂದು ತಿಂಗಳವರೆಗೆ ಇದು ಸರಿ: 100 ಗ್ರಾಂ ಕಡಲೆಕಾಯಿ ಹಿಂಡಿ ಒಂದು ಲೀಟರ್ ನೀರಿನಲ್ಲಿ ಮೂರು ದಿನ ನೆನೆಸಿ, ಹತ್ತು ಪಟ್ಟು ನೀರು ಬೆರೆಸಿ, ಹದಿನೈದು ದಿನಕ್ಕೊಮ್ಮೆ ಚೀಲಕ್ಕೆ ಒಂದು ಮಗ್. ಮೊಗ್ಗು ಕಂಡ ದಿನ ಇದನ್ನು ಅರ್ಧಕ್ಕಿಳಿಸಿ. ಸೌದೆ ಒಲೆಯ ಬೂದಿ ಸಿಕ್ಕರೆ ಚೀಲಕ್ಕೆ ಒಂದು ಚಮಚ, ತಿಂಗಳಿಗೊಮ್ಮೆ. ಜೊತೆಗೆ ಎರೆಹುಳು ಗೊಬ್ಬರ ಎರಡು ಹಿಡಿ.

ಆಮೇಲೆ ಪರಾಗ. ಬಳ್ಳಿಗಳಲ್ಲಿ ಗಂಡು ಹೂ, ಹೆಣ್ಣು ಹೂ ಬೇರೆ ಬೇರೆ. ಮೊದಲೆರಡು ವಾರ ಬರುವುದೆಲ್ಲ ಗಂಡು ಹೂವೇ, ಉದುರುವುದು ಸಹಜ. ಹೆಣ್ಣು ಹೂವಿನ ಹಿಂದೆ ಪುಟ್ಟ ಮಿಡಿ ಕಾಣುತ್ತದೆ. ಆ ಮಿಡಿ ಹಳದಿಯಾಗಿ ಉದುರುತ್ತಿದ್ದರೆ ದುಂಬಿ, ಜೇನು ಬಂದಿಲ್ಲವೆಂದೇ ಅರ್ಥ. ಗಂಡು ಹೂ ಕಿತ್ತು, ದಳ ತೆಗೆದು, ನಡುವಿನ ಹಳದಿ ಪುಡಿಯನ್ನು ಹೆಣ್ಣು ಹೂವಿನ ನಡುವಿಗೆ ಮೆಲ್ಲನೆ ಒರೆಸಿ.

ಯಾವ ಹೊತ್ತಿಗೆ ಒರೆಸಬೇಕೆಂಬುದೇ ಗುಟ್ಟು. ಸಿಹಿಗುಂಬಳ, ಸೌತೆ, ಹಾಗಲ ಬೆಳಗ್ಗೆ ಅರಳುತ್ತವೆ, ಒಂಬತ್ತರೊಳಗೆ ಮುಗಿಸಿ. ಹೀರೆ, ಸೋರೆ, ಪಡವಲ ಅರಳುವುದು ಸಂಜೆ. ಬೆಳಗ್ಗೆ ಮಾತ್ರ ತಾರಸಿಗೆ ಹೋಗುವವರು ಹೀರೆಯ ಹೂ ಅರಳಿದ್ದನ್ನು ನೋಡಿಯೇ ಇರುವುದಿಲ್ಲ, ಕಾಯಿ ಯಾಕೆ ನಿಲ್ಲುತ್ತಿಲ್ಲವೆಂದು ಗೊಬ್ಬರ ಬದಲಾಯಿಸುತ್ತಾ ಕೂರುತ್ತಾರೆ.

ಟೊಮೇಟೊ, ಬದನೆ, ಮೆಣಸಿಗೆ ಒಂದೇ ಹೂವಿನಲ್ಲಿ ಎರಡೂ ಇದೆ. ಬೆಳಗ್ಗೆ ಹೂಗೊಂಚಲನ್ನು ಬೆರಳಿಂದ ಒಮ್ಮೆ ಮೆಲ್ಲನೆ ತಟ್ಟಿದರೆ ಸಾಕು.

## ಹಂತ 8: ಎಚ್ಚರಿಕೆಯ ಗುರುತುಗಳು

ದಿನಾ ಎರಡು ನಿಮಿಷ ಎಲೆ ಮಗುಚಿ ನೋಡುವವರಿಗೆ ಔಷಧಿ ಅಂಗಡಿಯ ಕೆಲಸ ಕಡಿಮೆ.

ಮೆಣಸಿನ ಎಲೆ ದೋಣಿಯಂತೆ ಮೇಲಕ್ಕೆ ಮುದುಡಿದ್ದರೆ ಥ್ರಿಪ್ಸ್ ಎಂಬ ರಸ ಹೀರುವ ಸಣ್ಣ ಕೀಟ. ಬೋರಲು ಹಾಕಿದಂತೆ ಕೆಳಕ್ಕೆ ಮುದುಡಿದ್ದರೆ ನುಸಿ. ಥ್ರಿಪ್ಸಿಗೆ ಬೇವಿನೆಣ್ಣೆ ನಡೆಯುತ್ತದೆ, ನುಸಿಗೆ ನೀರಿನಲ್ಲಿ ಕರಗುವ ಗಂಧಕ ಬೇಕು (ಲೀಟರಿಗೆ 2 ರಿಂದ 3 ಗ್ರಾಂ, ತಂಪು ಹೊತ್ತಿನಲ್ಲಿ). ಎರಡನ್ನೂ ಎರಡು ವಾರದೊಳಗೆ ಒಂದರ ಹಿಂದೊಂದು ಹೊಡೆಯಬೇಡಿ, ಎಲೆ ಸುಡುತ್ತದೆ.

ಬದನೆಯ ಕುಡಿ ಮಾತ್ರ ಬಾಡಿ ತಲೆ ಬಾಗಿದ್ದರೆ ಒಳಗೆ ಕುಡಿ ಕೊರಕ ಇದೆ. ಬಾಡಿದ ಭಾಗದ ಒಂದು ಅಂಗುಲ ಕೆಳಗೆ ಕತ್ತರಿಸಿ, ಕವರಿನಲ್ಲಿ ಕಟ್ಟಿ ಎಸೆಯಿರಿ. ಗೊಬ್ಬರದ ಗುಂಡಿಗೆ ಹಾಕಿದರೆ ಮುಂದಿನ ತಿಂಗಳು ಅದೇ ಹುಳು ಕಾಯಿಯೊಳಗೆ.

ಬೆಂಡೆಯ ಎಲೆ ಹಸಿರಾಗಿದ್ದು ನರ ಮಾತ್ರ ಬಲೆಯಂತೆ ಹಳದಿಯಾದರೆ, ಟೊಮೇಟೊ ಕುಡಿ ಮುದುಡಿ ಗುಚ್ಛದಂತಾದರೆ, ಎರಡೂ ಬಿಳಿನೊಣ ತಂದ ನಂಜು. ಇದಕ್ಕೆ ಔಷಧಿ ಇಲ್ಲ. ಆ ಗಿಡ ಕಿತ್ತುಹಾಕಿ, ಅಕ್ಕಪಕ್ಕ ಹಳದಿ ಅಂಟು ಹಾಳೆ ನೇತುಹಾಕಿ. "ಇನ್ನೊಂದು ವಾರ ನೋಡೋಣ" ಎಂದವರು ಎಲ್ಲ ಗಿಡ ಕಳೆದುಕೊಂಡಿದ್ದಾರೆ.

ಟೊಮೇಟೊ ಹಣ್ಣಿನ ತಳ ಕಪ್ಪಗೆ ಚಪ್ಪಟೆಯಾದರೆ ಅದು ರೋಗವಲ್ಲ. ಒಂದು ದಿನ ಒಣಗಿಸಿ ಮರುದಿನ ತೊಯ್ಯಿಸಿದ್ದರಿಂದ ಕಾಯಿಗೆ ಸುಣ್ಣದ ಅಂಶ ತಲುಪಿಲ್ಲ. ನೀರು ಒಂದೇ ಸಮ ಕೊಡಿ. ಎಲೆಯ ಮೇಲೆ ಬಿಳಿ ಗೀಟು ಹಾಕುವ ರಂಗೋಲಿ ಹುಳುವಿಗೆ ಆ ಎಲೆ ಚಿವುಟಿದರೆ ಸಾಕು. ಹಾಗಲ, ಹೀರೆ ಕಾಯಿಗೆ ಹಣ್ಣು ನೊಣ ಚುಚ್ಚದಂತೆ ಬೆರಳುದ್ದ ಇರುವಾಗಲೇ ಕಾಗದದ ಕೊಳವೆ ತೊಡಿಸಿ.

ಹಿಟ್ಟು ತಿಗಣೆ, ಸಸ್ಯಹೇನಿಗೆ: ಒಂದು ಲೀಟರ್ ಉಗುರುಬೆಚ್ಚಗಿನ ನೀರು, 5 ಮಿಲಿ ಬೇವಿನೆಣ್ಣೆ, ಅದು ಬೆರೆಯಲು 2 ಮಿಲಿ ಸೋಪಿನ ದ್ರಾವಣ. ಸಂಜೆ, ಎಲೆಯ ಅಡಿಗೆ, ಐದು ದಿನಕ್ಕೊಮ್ಮೆ ಮೂರು ಸಲ. ಬಿಸಿಲಲ್ಲಿ ಹೊಡೆಯಬೇಡಿ. ಇರುವೆ ಸಾಲು ಕಂಡರೆ ಅದನ್ನೂ ತಡೆಯಿರಿ, ಹೇನನ್ನು ಕಾದು ಹೊತ್ತು ತರುವುದು ಅವೇ.

## ಹಂತ 9: ಕೊಯ್ಲು

ಎಳೆಯದರಲ್ಲೇ, ಎರಡು ದಿನಕ್ಕೊಮ್ಮೆ, ತಪ್ಪದೆ. ಬೆಂಡೆ, ಬೀನ್ಸ್, ಅಲಸಂದೆ, ಸೌತೆ ಗಿಡದಲ್ಲಿ ಒಂದು ಕಾಯಿ ಬಲಿತು ಬೀಜವಾದರೆ ಗಿಡ ತನ್ನ ಕೆಲಸ ಮುಗಿಯಿತೆಂದು ಹೂ ನಿಲ್ಲಿಸುತ್ತದೆ. ಊರಿಗೆ ಹೋಗುವಾಗ ನೀರು ಹಾಕಲು ಹೇಳುವ ಪಕ್ಕದ ಮನೆಯವರಿಗೆ ಕಾಯಿ ಕೊಯ್ದುಕೊಳ್ಳಲೂ ಹೇಳಿ. ಬೆಂಡೆಯ ತುದಿ ಚಟ್ ಎಂದು ಮುರಿಯಬೇಕು, ಬಾಗಿದರೆ ಬಲಿತಿದೆ.

ಸೊಪ್ಪನ್ನು ಬೆಳಗ್ಗೆಯೇ ಕೊಯ್ಯಿರಿ. ಟೊಮೇಟೊ ಅರ್ಧ ಕೆಂಪಾದಾಗ ಕಿತ್ತು ಬುಟ್ಟಿಯಲ್ಲಿಡಿ, ಅಳಿಲಿಗೆ ಬಿಡುವ ಪಾಲು ಕಡಿಮೆಯಾಗುತ್ತದೆ.

ಒಂದು ಗಂಭೀರ ಎಚ್ಚರಿಕೆ. ಸೋರೆ, ಸೌತೆ, ಕುಂಬಳ ಕತ್ತರಿಸಿದ ಮೇಲೆ ಒಂದು ಚೂರು ನಾಲಿಗೆಗೆ ಮುಟ್ಟಿಸಿ. ಕಹಿಯಿದ್ದರೆ ಪೂರ್ತಿ ಎಸೆಯಿರಿ. ಆ ಕಹಿ ಕುಕುರ್ಬಿಟಾಸಿನ್ ಎಂಬ ವಿಷ. ಬೇಯಿಸಿದರೂ ಹೋಗುವುದಿಲ್ಲ, ವಾಂತಿ ಭೇದಿ ತರುತ್ತದೆ. ಜ್ಯೂಸ್ ಮಾಡಿ ಕುಡಿದರೆ ಜೀವಕ್ಕೇ ಕುತ್ತು ಬಂದದ್ದುಂಟು. ಹಾಗಲದ ಕಹಿ ಬೇರೆ, ಅದಕ್ಕೆ ಈ ಮಾತು ಅನ್ವಯಿಸದು.

## ಹಂತ 10: ಬಂದದ್ದನ್ನು ಮುಗಿಸುವುದು

ಲೆಕ್ಕ ಹಾಕಿ ಬಿತ್ತಿದರೂ ಕೆಲವು ವಾರ ಬುಟ್ಟಿ ಉಕ್ಕುತ್ತದೆ, ಕೆಲವು ವಾರ ಬಗೆಗೊಂದು ಹಿಡಿ ಮಾತ್ರ ಸಿಗುತ್ತದೆ. ಎರಡಕ್ಕೂ ನಮ್ಮ ಅಡುಗೆಯಲ್ಲೇ ದಾರಿ ಇದೆ.

ಒಂದೊಂದು ಹಿಡಿ ಬಂದ ದಿನ ಹುಳಿ ಅಥವಾ ಕೂಟು ಮಾಡಿ. ಮೂರು ಬೀನ್ಸ್, ಒಂದು ಬದನೆ, ಅರ್ಧ ನವಿಲುಕೋಸು ಅದರ ಎಲೆ ಸಮೇತ ಒಂದೇ ಪಾತ್ರೆಗೆ ಹೋಗುತ್ತವೆ. ಬೆರಕೆ ಸೊಪ್ಪು ಬಂದರೆ ಮಸ್ಸೊಪ್ಪು. ಹರಿವೆಯ ಎಲೆ ಬಸ್ಸಾರಿಗೆ, ಬಲಿತ ದಂಟು ಮರುದಿನದ ಹುಳಿಗೆ. ಹೀರೆಯ ಸಿಪ್ಪೆ ಎಸೆಯುವವರು ಅದರ ಚಟ್ನಿ ತಿಂದಿಲ್ಲ. ದೊಡ್ಡಪತ್ರೆಯ ಹದಿನೈದು ಎಲೆ, ಜೀರಿಗೆ, ನಾಲ್ಕು ಕಾಳುಮೆಣಸು ತುಪ್ಪದಲ್ಲಿ ಬಾಡಿಸಿ, ಕಾಯಿತುರಿಯೊಂದಿಗೆ ರುಬ್ಬಿ ಮಜ್ಜಿಗೆಗೆ ಬೆರೆಸಿದರೆ ತಂಬುಳಿ.

ಉಕ್ಕಿದ ವಾರಕ್ಕೆ ಕೆಳಗಿನವು.

ಟೊಮೇಟೊ ತೊಕ್ಕು. ಒಂದು ಕೆಜಿ ಹಣ್ಣು ತೊಳೆದು, ಬಟ್ಟೆಯಲ್ಲಿ ಒರೆಸಿ, ಪೂರ್ತಿ ಒಣಗಿದ ಮೇಲೆ ಹೆಚ್ಚಿ. 100 ಮಿಲಿ ಎಳ್ಳೆಣ್ಣೆಗೆ ಸಾಸಿವೆ, ಇಂಗು ಒಗ್ಗರಣೆ ಹಾಕಿ, ಹಣ್ಣು, ನಿಂಬೆಗಾತ್ರದ ಹುಣಸೆ, ಎರಡು ದೊಡ್ಡ ಚಮಚ ಉಪ್ಪು ಸೇರಿಸಿ ಸಣ್ಣ ಉರಿಯಲ್ಲಿಡಿ. ನೀರು ಹಾಕಬೇಡಿ. ಮುಕ್ಕಾಲು ಗಂಟೆಯ ಹೊತ್ತಿಗೆ ಮುದ್ದೆಯಾಗಿ ಅಂಚಿನಲ್ಲಿ ಎಣ್ಣೆ ಬಿಡುತ್ತದೆ. ಆಗ ಮೂರು ದೊಡ್ಡ ಚಮಚ ಖಾರದ ಪುಡಿ, ಹುರಿದು ಪುಡಿ ಮಾಡಿದ ಮೆಂತ್ಯ ಒಂದು ಚಮಚ. ಎಣ್ಣೆ ಬಿಡುವ ಮೊದಲೇ ಇಳಿಸುವುದೇ ಎಲ್ಲರ ತಪ್ಪು. ಅಂಥ ತೊಕ್ಕು ವಾರದಲ್ಲಿ ಬೂಷ್ಟು. ಆರಿದ ಮೇಲೆ ಒಣ ಬಾಟಲಿಗೆ, ಫ್ರಿಜ್ಜಿಗೆ, ಒದ್ದೆ ಚಮಚ ಹಾಕದೆ ಒಂದು ತಿಂಗಳು.

ಮೆಣಸಿನಕಾಯಿ ಬಾಳಕ. ಬಿಸಿಲು ಖಾತ್ರಿಯಿರುವ ಫೆಬ್ರವರಿಯಿಂದ ಏಪ್ರಿಲ್‌ವರೆಗೆ ಮಾಡಿ. ಅರ್ಧ ಕೆಜಿ ಮೆಣಸಿನಕಾಯಿ ತೊಟ್ಟು ತೆಗೆಯದೆ ಸೀಳಿ, ಅರ್ಧ ಲೀಟರ್ ಹುಳಿ ಮೊಸರಿಗೆ ಮೂರು ದೊಡ್ಡ ಚಮಚ ಉಪ್ಪು, ಇಂಗು ಕದಡಿ ರಾತ್ರಿ ಮುಳುಗಿಸಿ. ಬೆಳಗ್ಗೆ ತೆಗೆದು ಬಿಸಿಲಿಗೆ ಹರಡಿ, ಸಂಜೆ ಮತ್ತೆ ಅದೇ ಮೊಸರಿಗೆ. ಮೊಸರು ಪೂರ್ತಿ ಹೀರಿಕೊಳ್ಳುವವರೆಗೆ, ಮೂರ್ನಾಲ್ಕು ದಿನ ಹೀಗೆ. ಆಮೇಲೆ ಗಲಗಲ ಸದ್ದು ಬರುವಷ್ಟು ಒಣಗಿಸಿ. ಗೋರಿಕಾಯಿ, ಬಲಿಯದ ಬೆಂಡೆ, ಹಾಗಲದ ಬಿಲ್ಲೆಗೂ ಇದೇ ಕ್ರಮ. ನಡುವೆ ಮೋಡ ಮುಸುಕಿದರೆ ಫ್ಯಾನಿನ ಕೆಳಗೆ ಹರಡಿ; ಲೋಳೆ ಬಂದರೆ ಉಳಿಸಲು ಹೋಗಬೇಡಿ.

ಮೆಣಸಿನಕಾಯಿ ಗಿಡದಲ್ಲೇ ಕೆಂಪಾಗಿಬಿಟ್ಟಿದ್ದರೆ ಉತ್ತರ ಕರ್ನಾಟಕದ ರಂಜಕ ಇದೆ. ಕಾಲು ಕೆಜಿ ಹಣ್ಣು ಮೆಣಸಿನಕಾಯಿ, ಒಂದು ಗಡ್ಡೆ ಬೆಳ್ಳುಳ್ಳಿ, 50 ಗ್ರಾಂ ಉಪ್ಪು, ಹುರಿದ ಮೆಂತ್ಯದ ಪುಡಿ, ಮೂರು ನಿಂಬೆಹಣ್ಣಿನ ರಸ, ನೀರು ಹಾಕದೆ ರುಬ್ಬಿ ಫ್ರಿಜ್ಜಿನಲ್ಲಿಡಿ. ರೊಟ್ಟಿಗೆ ಸವರಿ ಮೇಲೆ ಎಣ್ಣೆ ಬಿಟ್ಟರೆ ಪಲ್ಯ ಬೇಡ.

ಬೀನ್ಸ್, ಅವರೆಕಾಳನ್ನು ಕುದಿವ ನೀರಿನಲ್ಲಿ ಎರಡು ನಿಮಿಷ ಹಾಕಿ, ತಕ್ಷಣ ತಣ್ಣೀರಿಗೆ, ಆಮೇಲೆ ಬಟ್ಟೆಯ ಮೇಲೆ ಆರಿಸಿ ಫ್ರೀಜರಿಗೆ. ಒಂದು ಅಡುಗೆಗೆ ಬೇಕಾದಷ್ಟನ್ನೇ ಒಂದು ಪೊಟ್ಟಣ ಮಾಡಿ. ಬೂದುಗುಂಬಳ ತೊಟ್ಟು ಸಮೇತ ಕೊಯ್ದರೆ ತಂಪು ಮೂಲೆಯಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಕರಾವಳಿಯ ಮನೆಗಳಲ್ಲಿ ಬಣ್ಣದ ಸೌತೆಯನ್ನು ಬಾಳೆನಾರಿನಲ್ಲಿ ಕಟ್ಟಿ ಜಂತೆಗೆ ನೇತುಹಾಕುವುದೂ ಇದಕ್ಕೇ: ಒಂದಕ್ಕೊಂದು ತಾಗಬಾರದು, ಗಾಳಿ ಆಡಬೇಕು.

ಒಂದನ್ನು ಮಾತ್ರ ಮಾಡಲೇಬೇಡಿ. ಬೇಯಿಸಿದ ಬೀನ್ಸ್, ಕಾಳು, ಹಸಿ ಬೆಳ್ಳುಳ್ಳಿಯನ್ನು ಹುಳಿಯಿಲ್ಲದೆ ಎಣ್ಣೆಯಲ್ಲಿ ಮುಳುಗಿಸಿ, ಬಾಟಲಿಯ ಮುಚ್ಚಳ ಬಿಗಿದು ಕಪಾಟಿನಲ್ಲಿಡುವುದು. ಗಾಳಿಯಿಲ್ಲದ, ಹುಳಿಯಿಲ್ಲದ ಜಾಗದಲ್ಲಿ ಬೆಳೆಯುವ ಬೊಟುಲಿನಮ್ ಎಂಬ ರೋಗಾಣುವಿನ ವಿಷಕ್ಕೆ ವಾಸನೆ, ರುಚಿ ಇರಬೇಕೆಂದಿಲ್ಲ. ಮುಚ್ಚಳ ಉಬ್ಬಿದ, ತೆಗೆದಾಗ ಬುಸ್ ಎಂದ ಬಾಟಲಿಯನ್ನು ರುಚಿ ನೋಡದೆ ಎಸೆಯಿರಿ.

## ಹಂತ 11: ಖಾಲಿಯಾದ ಚೀಲ

ಗಿಡ ಮುಗಿದ ಚೀಲಕ್ಕೆ ಅದೇ ಕುಟುಂಬದ ಗಿಡ ಬೇಡ. ಟೊಮೇಟೊ, ಬದನೆ, ಮೆಣಸು ಒಂದೇ ಮನೆತನ; ಅವುಗಳ ಹಿಂದೆ ಬೀನ್ಸ್ ಅಥವಾ ಸೊಪ್ಪು ಹಾಕಿ. ಮಣ್ಣನ್ನು ಹಾಳೆಯ ಮೇಲೆ ಸುರಿದು, ಬೇರು, ಗೊಣ್ಣೆ ಹುಳು ಆರಿಸಿ, ಮೂರಕ್ಕೊಂದು ಪಾಲು ಹೊಸ ಗೊಬ್ಬರ, ಒಂದು ಹಿಡಿ ಬೇವಿನ ಹಿಂಡಿ ಬೆರೆಸಿ ಮತ್ತೆ ತುಂಬಿ. ಬೇರಿನಲ್ಲಿ ಗಂಟು ಗಂಟು ಕಂಡಿದ್ದರೆ ಜಂತುಹುಳು ಸೇರಿದೆ. ಆ ಮಣ್ಣನ್ನು ತೇವ ಮಾಡಿ, ಪಾರದರ್ಶಕ ಪ್ಲಾಸ್ಟಿಕ್ ಹಾಳೆಯಡಿ ಮಾರ್ಚ್, ಏಪ್ರಿಲ್ ಬಿಸಿಲಿಗೆ ಐದಾರು ವಾರ ಬೇಯಲು ಬಿಡಿ.

ಬೀಜ ಹಿಡಿಯುವುದಾದರೆ ಬೆಂಡೆ, ಅಲಸಂದೆ, ಹರಿವೆಯಿಂದ ಶುರು ಮಾಡಿ. ಗಟ್ಟಿಮುಟ್ಟಾದ ಒಂದು ಗಿಡಕ್ಕೆ ಕೆಂಪು ದಾರ ಕಟ್ಟಿ, ಅದರ ಕಾಯಿಯನ್ನು ಗಿಡದಲ್ಲೇ ಒಣಗಲು ಬಿಡಿ. ದಾರ ಕಟ್ಟದಿದ್ದರೆ ಮನೆಯಲ್ಲಿ ಯಾರೋ ಅದನ್ನೇ ಮೊದಲು ಕೊಯ್ದು ಹುಳಿಗೆ ಹಾಕುತ್ತಾರೆ. ಅರ್ಕಾ ರಕ್ಷಕ್‌ನಂಥ ಹೈಬ್ರಿಡ್ ಬೀಜ ಹಿಡಿಯಬೇಡಿ, ತಾಯಿಯಂತೆ ಬರುವುದಿಲ್ಲ. ಸೋರೆ, ಸೌತೆಯ ಬೀಜವನ್ನೂ ತಾರಸಿಯಲ್ಲಿ ಹಿಡಿಯದಿರುವುದೇ ವಾಸಿ. ಅಕ್ಕಪಕ್ಕದ ಬಳ್ಳಿಯ ಪರಾಗ ಬೆರೆತು ಮುಂದಿನ ವರ್ಷ ಕಹಿ ಕಾಯಿ ಬರಬಹುದು. ಒಣಗಿದ ಬೀಜವನ್ನು ಕಾಗದದ ಪೊಟ್ಟಣದಲ್ಲಿ ಕಟ್ಟಿ, ಡಬ್ಬಿಗೆ ಹಾಕಿ, ಮೇಲೆ ತಿಂಗಳು ಬರೆದಿಡಿ. ಪಕ್ಕದಲ್ಲೇ ಹೋದ ವರ್ಷ ಆ ತರಕಾರಿ ಎಷ್ಟು ಗಿಡ ಹಾಕಿದ್ದಿರಿ, ಸಾಕಾಯಿತೋ ಹೆಚ್ಚಾಯಿತೋ, ಅದನ್ನೂ ಒಂದು ಸಾಲು ಬರೆಯಿರಿ.